ಎಳೆಯ ಕುದುರೆಗೆ ಗಾಡಿ ಹೂಡುವ ಹೊತ್ತು

ಗೋಲ್ಡ್‌ಸ್ಮಿತ್ ಮೇಡ್ ಎಂಬ ಹೆಣ್ಣು ಕುದುರೆ ಹುಟ್ಟಿದ್ದು 1857ರಲ್ಲಿ, ಅಮೆರಿಕದ ನ್ಯೂಜೆರ್ಸಿಯ ಹಳ್ಳಿಗಾಡಿನಲ್ಲಿ. ಮೊದಲ ಪಂದ್ಯಕ್ಕೆ ಇಳಿದಾಗ ಅದಕ್ಕೆ ಎಂಟು ವರ್ಷ. ಬಾಸ್ಟನ್‌ನಲ್ಲಿ ಒಂದು ಮೈಲಿಯನ್ನು 2 ನಿಮಿಷ 14 ಸೆಕೆಂಡಿನಲ್ಲಿ ಮುಗಿಸಿ ದಾಖಲೆ ಮಾಡಿದ್ದು 1874ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ. ಓಟ ನಿಲ್ಲಿಸಿದ್ದು ಇಪ್ಪತ್ತಕ್ಕೆ.

ಬಾಸ್ಟನ್ನಿನ ಆ ಓಟದ ಇಪ್ಪತ್ತು ವರ್ಷಗಳ ಬಳಿಕ, 1894ರಲ್ಲಿ, ಕ್ಯಾಲಿಫೋರ್ನಿಯಾದ ಆಡ್‌ಬೆಲ್ ಎಂಬ ಮರಿ ಗಾಡಿ ಎಳೆದುಕೊಂಡು ಅಷ್ಟೇ ದೂರವನ್ನು 2 ನಿಮಿಷ 23 ಸೆಕೆಂಡಿನಲ್ಲಿ ಓಡಿತು. ಅದರ ವಯಸ್ಸು ಒಂದು ವರ್ಷ ಚಿಲ್ಲರೆ. 1845ರಲ್ಲಿ ಲೇಡಿ ಸಫೋಕ್ ಎಂಬ ಹನ್ನೆರಡು ವರ್ಷದ ಕುದುರೆ ಎರಡೂವರೆ ನಿಮಿಷದ ಗೆರೆಯನ್ನು ಅರ್ಧ ಸೆಕೆಂಡಿನಿಂದ ದಾಟಿದ್ದಕ್ಕೆ ಇಡೀ ನ್ಯೂಯಾರ್ಕ್ ಕೊಂಡಾಡಿತ್ತು. ಐವತ್ತು ವರ್ಷ ತುಂಬುವುದರೊಳಗೆ, ಹಾಲುಹಲ್ಲು ಬೀಳದ ಮರಿಯೊಂದು ಅದಕ್ಕಿಂತ ಆರೂವರೆ ಸೆಕೆಂಡು ಮುಂದೆ ಹೋಗಿತ್ತು.

ಈ ಎರಡು ಬಗೆಯ ಕುದುರೆಗಳ ನಡುವೆ ಹುಟ್ಟಿಕೊಂಡ ಪ್ರಶ್ನೆ ಇವತ್ತಿಗೂ ಹಾರ್ನೆಸ್ ರೇಸಿಂಗ್ ಲಾಯಗಳಲ್ಲಿ ಪ್ರತಿ ಚಳಿಗಾಲ ಎದ್ದುಬರುತ್ತದೆ: ಎಳೆಯ ಕುದುರೆಯನ್ನು ಎಷ್ಟು ಬೇಗ ಪಳಗಿಸಬೇಕು? ಗಾಡಿ ಕಟ್ಟಿಸಿಕೊಳ್ಳಲು ಅದು ಎಷ್ಟು ದಿನದಲ್ಲಿ ಕಲಿಯುತ್ತದೆ ಎಂಬುದು ಪ್ರಶ್ನೆಯ ಸುಲಭದ ಭಾಗ. ಕಲಿತ ಕೂಡಲೇ ಓಡಿಸಬಹುದೇ ಎಂಬುದು ಕಷ್ಟದ ಭಾಗ. ಇವೆರಡನ್ನೂ ಒಂದೇ ಎಂದುಕೊಂಡ ಕಡೆಯಲ್ಲೆಲ್ಲ ಕುದುರೆ ಕುಂಟಿದೆ.

ನಾಗಾಲೋಟಕ್ಕೆ ಅವಕಾಶವಿಲ್ಲದ ರೇಸು

ಬೆಂಗಳೂರು, ಮೈಸೂರುಗಳ ರೇಸ್‌ಕೋರ್ಸ್‌ನಲ್ಲಿ ನಾವು ಕಾಣುವುದು ಥರೋಬ್ರೆಡ್ ತಳಿಯ ಕುದುರೆ, ಬೆನ್ನ ಮೇಲೆ ಜಾಕಿ, ಕಾಲಿಗೆ ನಾಗಾಲೋಟ. ಹಾರ್ನೆಸ್ ರೇಸಿಂಗ್‌ನಲ್ಲಿ ಬೆನ್ನು ಖಾಲಿ. ಹಿಂದೆ ಎರಡು ಚಕ್ರದ ಹಗುರ ಗಾಡಿ. ಅದಕ್ಕೆ ಸಲ್ಕಿ ಎನ್ನುತ್ತಾರೆ. ಅದರಲ್ಲಿ ಕೂತವನು ಡ್ರೈವರ್. ಬೆಳಗಾವಿ, ವಿಜಯಪುರದ ಕಡೆ ಜಾತ್ರೆಗಳಲ್ಲಿ ಕುದುರೆ ಗಾಡಿ ಶರ್ಯತ್ತು ನೋಡಿದವರಿಗೆ ಗಾಡಿ ಹೊಸದಲ್ಲ. ಹೊಸದು ನಡೆಯ ಕಟ್ಟುಪಾಡು. ಇಲ್ಲಿ ಕುದುರೆ ಎಷ್ಟೇ ವೇಗವಾಗಿ ಓಡಲಿ, ನಾಗಾಲೋಟಕ್ಕೆ ಜಾರುವಂತಿಲ್ಲ. ಜಾರಿದರೆ ಡ್ರೈವರ್ ಲಗಾಮು ಜಗ್ಗಿ ಮತ್ತೆ ನಡೆಗೆ ತರಬೇಕು. ಯುರೋಪಿನಲ್ಲಾದರೆ ಹಾಗೆ ಜಾರಿದ ಕುದುರೆಯನ್ನು ಬಹಳಷ್ಟು ಸಲ ಪಂದ್ಯದಿಂದಲೇ ಹೊರಗಿಡುತ್ತಾರೆ.

ನಡೆಗಳು ಎರಡು. ಮುಂದಿನ ಎಡಗಾಲು ಹಿಂದಿನ ಬಲಗಾಲಿನ ಜೊತೆ ಏಳುವುದು ಟ್ರಾಟ್. ಒಂದೇ ಮಗ್ಗುಲಿನ ಎರಡೂ ಕಾಲುಗಳು ಒಟ್ಟಿಗೆ ಏಳುವುದು ಪೇಸ್. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಎರಡೂ ಉಂಟು, ಪೇಸ್ ಹೆಚ್ಚು. ಫ್ರಾನ್ಸ್, ಸ್ವೀಡನ್, ಇಟಲಿಗಳಲ್ಲಿ ಟ್ರಾಟ್ ಮಾತ್ರ. ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡಿಗರು ಮೆಟ್‌ಲೈಫ್ ಕ್ರೀಡಾಂಗಣದ ಪಕ್ಕದಲ್ಲೇ ಮೆಡೋಲ್ಯಾಂಡ್ಸ್ ರೇಸ್‌ಟ್ರ್ಯಾಕ್ ನೋಡಿರುತ್ತಾರೆ. ಮೂರು ವರ್ಷದ ಟ್ರಾಟರ್‌ಗಳ ಅತಿ ದೊಡ್ಡ ಅಮೆರಿಕನ್ ಪಂದ್ಯವಾದ ಹ್ಯಾಂಬಲ್ಟೋನಿಯನ್ 1981ರಿಂದ ನಡೆಯುತ್ತಿರುವುದು ಅಲ್ಲೇ.

ಅಮೆರಿಕದ ಈ ತಳಿಯ ಹೆಸರು ಸ್ಟ್ಯಾಂಡರ್ಡ್‌ಬ್ರೆಡ್. ಮೈಲಿಗೆ ಎರಡೂವರೆ ನಿಮಿಷ ಎಂಬ ಮಟ್ಟವನ್ನು ತಲುಪಿದ ಕುದುರೆಗಳನ್ನೂ ಅವುಗಳ ಸಂತಾನವನ್ನೂ ತಳಿಯ ಪಟ್ಟಿಗೆ ಸೇರಿಸಬೇಕೆಂದು ಸಾಕಣೆದಾರರ ಸಂಘ 1879ರಲ್ಲಿ ನಿಯಮ ಮಾಡಿತು. ವಂಶದ ಜೊತೆಗೆ ಗಡಿಯಾರವೂ ತಳಿಯ ಹುಟ್ಟಿಗೆ ಕಾರಣವಾಯಿತು. ಇವತ್ತಿನ ಸ್ಟ್ಯಾಂಡರ್ಡ್‌ಬ್ರೆಡ್‌ಗಳ ಮೂಲಪುರುಷ ಹ್ಯಾಂಬಲ್ಟೋನಿಯನ್ ಎಂಬ ಕುದುರೆ. 1849ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಅದನ್ನು ವಿಲಿಯಂ ರಿಸ್ಡಿಕ್ ಎಂಬ ಕೂಲಿಯಾಳು ತಾಯಿಯ ಸಮೇತ 125 ಡಾಲರಿಗೆ ಕೊಂಡಿದ್ದ. ಸಾಯುವ ಹೊತ್ತಿಗೆ ಅದಕ್ಕೆ ಸಾವಿರದ ಮುನ್ನೂರಕ್ಕೂ ಹೆಚ್ಚು ಮರಿಗಳಿದ್ದವು.

ಸ್ಟ್ಯಾನ್‌ಫೋರ್ಡ್‌ನ ಶಿಶುವಿಹಾರ

ಬೇಗ ಪಳಗಿಸುವ ಹುಚ್ಚಿಗೆ ಒಂದು ಶಾಸ್ತ್ರದ ರೂಪ ಕೊಟ್ಟವನು ಲೆಲ್ಯಾಂಡ್ ಸ್ಟ್ಯಾನ್‌ಫೋರ್ಡ್. ರೈಲ್ವೆ ಉದ್ಯಮಿ, ಕ್ಯಾಲಿಫೋರ್ನಿಯಾದ ಗವರ್ನರ್, ಆಮೇಲೆ ಸೆನೆಟರ್. ಈಗ ಅವನ ಹೆಸರಿನ ವಿಶ್ವವಿದ್ಯಾಲಯ ನಿಂತಿರುವ ನೆಲದಲ್ಲಿ ಆಗ ಪಾಲೋ ಆಲ್ಟೋ ಸ್ಟಾಕ್ ಫಾರ್ಮ್ ಇತ್ತು. ಓಡುವ ಕುದುರೆಯ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಟ್ಟಿರುತ್ತವೆಯೇ ಎಂದು ತಿಳಿಯಲು ಎಡ್ವರ್ಡ್ ಮೈಬ್ರಿಡ್ಜ್ 1878ರಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದ ಚಿತ್ರಗಳನ್ನು ನಮ್ಮಲ್ಲಿ ಸಿನಿಮಾ ಚರಿತ್ರೆ ಓದಿದವರೆಲ್ಲ ನೋಡಿದ್ದಾರೆ. ಅವನ್ನು ತೆಗೆಸಿದ್ದು ಸ್ಟ್ಯಾನ್‌ಫೋರ್ಡ್, ಇದೇ ಫಾರ್ಮಿನಲ್ಲಿ. ಅವನಿಗೆ ಬೇಕಾಗಿದ್ದದ್ದು ಟ್ರಾಟರ್ ಕುದುರೆಯ ಕಾಲಿನ ಗುಟ್ಟು.

ಅವನ ವಾದ ಸರಳ. ಹಳೆಯ ತರಬೇತುದಾರರು ಕುದುರೆಯನ್ನು ಮೈಲಿಗಟ್ಟಲೆ ನಿಧಾನವಾಗಿ ಓಡಿಸಿ ದಣಿಸುತ್ತಿದ್ದರು. ದಣಿವಿನಿಂದ ವೇಗ ಬರುವುದಿಲ್ಲ ಎಂದ ಸ್ಟ್ಯಾನ್‌ಫೋರ್ಡ್. ಸ್ವಲ್ಪ ದೂರ ಪೂರ್ತಿ ವೇಗ, ಕೂಡಲೇ ನಿಲುಗಡೆ, ಉಸಿರು ತಿರುಗಿದ ಮೇಲೆ ಮತ್ತೆ ಸ್ವಲ್ಪ ದೂರ. ಇದನ್ನು ಎಳೆಯ ವಯಸ್ಸಿನಲ್ಲೇ ಶುರು ಮಾಡಬೇಕು. ಅದಕ್ಕೆಂದು ಫಾರ್ಮಿನಲ್ಲಿ ಸಣ್ಣ ಅಂಡಾಕಾರದ ಓಟದ ದಾರಿ ಕಟ್ಟಿಸಿದ. ಅದರ ಹೆಸರೇ ಕಿಂಡರ್‌ಗಾರ್ಟನ್. ತಾಯಿಯ ಹಾಲು ಬಿಟ್ಟ ಮರಿಗಳನ್ನು ಅಲ್ಲಿ ಲಗಾಮು, ಗಾಡಿ ಯಾವುದೂ ಇಲ್ಲದೆ ಬಿಡುತ್ತಿದ್ದರು. ನಡುವೆ ನಿಂತ ಆಳುಗಳು ಮರಿ ನಾಗಾಲೋಟಕ್ಕೆ ಹೋಗದಂತೆ, ಟ್ರಾಟ್‌ನಲ್ಲೇ ವೇಗ ಏರಿಸುವಂತೆ ನೋಡಿಕೊಳ್ಳುತ್ತಿದ್ದರು. ಇದನ್ನೆಲ್ಲ ನಡೆಸಿದವನು ತರಬೇತುದಾರ ಚಾರ್ಲ್ಸ್ ಮಾರ್ವಿನ್. ತನ್ನ ಪದ್ಧತಿಯನ್ನು ಅವನು 1890ರಲ್ಲಿ ಪುಸ್ತಕವಾಗಿಯೂ ಬರೆದ.

ಫಲ ಎದ್ದು ಕಂಡಿತು. ಸುನೋಲ್ ಎಂಬ ಹೆಣ್ಣು ಕುದುರೆ ಐದನೆಯ ವಯಸ್ಸಿನಲ್ಲಿ, 1891ರಲ್ಲಿ, 2 ನಿಮಿಷ 8¼ ಸೆಕೆಂಡಿನ ಮೈಲಿ ಓಡಿ ಎಲ್ಲ ವಯಸ್ಸಿನ ಟ್ರಾಟರ್‌ಗಳ ದಾಖಲೆ ಮುರಿಯಿತು. ಅದೇ ವರ್ಷ ಆರಿಯನ್ ಎಂಬ ಗಂಡು ಕುದುರೆ ಎರಡು ವರ್ಷದ ಪ್ರಾಯದಲ್ಲೇ, ಹಳೆಯ ಎತ್ತರದ ಚಕ್ರದ ಗಾಡಿ ಎಳೆದು, 2 ನಿಮಿಷ 10¾ ಸೆಕೆಂಡಿನಲ್ಲಿ ಮೈಲಿ ಮುಗಿಸಿತು. ಬಾಸ್ಟನ್ನಿನ ಮಾಲ್ಕಮ್ ಫೋರ್ಬ್ಸ್ ಅದನ್ನು 125,000 ಡಾಲರಿಗೆ ಕೊಂಡ. ಹ್ಯಾಂಬಲ್ಟೋನಿಯನ್‌ಗೆ ರಿಸ್ಡಿಕ್ ಕೊಟ್ಟ ಬೆಲೆಯ ಸಾವಿರ ಪಟ್ಟು. ಆಡ್‌ಬೆಲ್ ಕೂಡ ಇದೇ ಫಾರ್ಮಿನ ಕೂಸು. ಅದರ ದಾಖಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು.

ಆರಿಯನ್‌ನ ಮುಂದಿನ ಕಥೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. 1892ರಲ್ಲಿ ಗಾಳಿ ತುಂಬಿದ ಟೈರಿನ ಸಣ್ಣ ಚಕ್ರದ ಗಾಡಿ ಬಂದು ಇಡೀ ರೇಸಿಂಗ್‌ನ ಸಮಯಗಳೇ ಇಳಿದವು. ಆ ಅನುಕೂಲವಿದ್ದೂ ಆರಿಯನ್‌ನ ಜೀವಮಾನದ ಉತ್ತಮ ಮೈಲಿ 2 ನಿಮಿಷ 7¾ ಸೆಕೆಂಡು ಮಾತ್ರ. ಎರಡನೆಯ ವಯಸ್ಸಿನಲ್ಲಿ ಕಂಡ ವೇಗದ ಮೇಲೆ ಮೂರೇ ಮೂರು ಸೆಕೆಂಡು. ಮರಿಯಲ್ಲಿ ಹೊರತೆಗೆದ ವೇಗ ವಯಸ್ಸಿನ ಜೊತೆ ಅದೇ ಲೆಕ್ಕದಲ್ಲಿ ಬೆಳೆಯುತ್ತದೆ ಎಂದು ನಂಬಿ ಹಣ ಸುರಿದವರಿಗೆ ಅದರಲ್ಲಿ ಪಾಠವಿತ್ತು.

ಹಾಗೆಂದು ಸ್ಟ್ಯಾನ್‌ಫೋರ್ಡ್ ಹೇಳಿದ್ದೆಲ್ಲ ತಪ್ಪಲ್ಲ. ಮರಿಯನ್ನು ದಣಿಸಬೇಡ, ಸ್ವಲ್ಪ ದೂರ ಓಡಿಸಿ ನಿಲ್ಲಿಸು ಎಂಬ ಅವನ ಮಾತಿಗೆ ನೂರು ವರ್ಷದ ಬಳಿಕ ಎಲುಬಿನ ವಿಜ್ಞಾನ ಬೆಂಬಲ ಕೊಟ್ಟಿತು. ತಪ್ಪಿದ್ದು ಒಂದು ವರ್ಷದ ಮರಿಯ ಸಮಯವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಚಪಲದಲ್ಲಿ.

ಅಕ್ಟೋಬರಿನಿಂದ ಜೂನ್‌ವರೆಗೆ

ಇವತ್ತಿನ ಉತ್ತರ ಅಮೆರಿಕದಲ್ಲಿ ಎಳೆಯ ಕುದುರೆಯ ದಾರಿ ಹೀಗೆ ಸಾಗುತ್ತದೆ. ಒಂದೂವರೆ ವರ್ಷದ ಮರಿಗಳ ದೊಡ್ಡ ಹರಾಜುಗಳು ಅಕ್ಟೋಬರಿನಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ, ನವೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್‌ನಲ್ಲಿ. ಹರಾಜಿಗೆ ಮೈ ಹೊಳೆಯಲೆಂದು ಅದಕ್ಕೂ ಮುಂಚಿನ ವಾರಗಳಲ್ಲಿ ಮರಿಗೆ ಚೆನ್ನಾಗಿ ತಿನ್ನಿಸಿ ಲಾಯದಲ್ಲೇ ಹೆಚ್ಚು ಹೊತ್ತು ಇಟ್ಟಿರುತ್ತಾರೆ. ಕೊಂಡವನ ಕೈಗೆ ಬರುವುದು ತುಂಬಿದ ಮೈ, ಸಡಿಲ ಸ್ನಾಯು, ಹೊಸ ಜಾಗದ ದಿಗಿಲು.

ಮೊದಲ ಕೆಲಸ ಬಾಯಿಯದು. ಕೆಲವು ಕುದುರೆಗಳಿಗೆ ದವಡೆ ಹಲ್ಲಿನ ಮುಂದೆ ಒಂದು ಸಣ್ಣ ಹಲ್ಲು ಮೂಡಿರುತ್ತದೆ. ಕಡಿವಾಣ ಅದಕ್ಕೆ ತಗುಲಿದರೆ ನೋವು. ನೋವಾದರೆ ತಲೆ ಒಂದು ಕಡೆ ವಾಲುತ್ತದೆ. ತಲೆ ವಾಲಿದರೆ ನಡೆ ಕೆಡುತ್ತದೆ. ಆದ್ದರಿಂದ ಪಶುವೈದ್ಯರು ಮೊದಲೇ ಅದನ್ನು ಕೀಳುತ್ತಾರೆ. ಆಮೇಲೆ ಲಾಯದೊಳಗೇ ಕಡಿವಾಣ, ಹೊಟ್ಟೆಪಟ್ಟಿ, ಬಾಲದಡಿಯ ಪಟ್ಟಿ ಒಂದೊಂದಾಗಿ ಹಾಕಿ ತೆಗೆಯುತ್ತಾರೆ. ಬಹುಪಾಲು ಮರಿಗಳು ಹೆಚ್ಚು ಗಾಬರಿಯಾಗುವುದು ಬಾಲದಡಿಯ ಪಟ್ಟಿಗೆ. ಅದಕ್ಕೆ ಒಗ್ಗಿದರೆ ಅರ್ಧ ಕೆಲಸ ಮುಗಿದಂತೆ.

ಆಮೇಲೆ ಉದ್ದ ಲಗಾಮು. ಗಾಡಿಯಿಲ್ಲ. ಮರಿಯ ಹಿಂದೆ ಮನುಷ್ಯ ನಡೆಯುತ್ತಾ ಎಡಕ್ಕೆ, ಬಲಕ್ಕೆ, ನಿಲ್ಲು, ನಡೆ ಇವನ್ನು ಕಲಿಸುತ್ತಾನೆ. ಇದಕ್ಕೆ ಕೆಲವರು ಮೂರ್ನಾಲ್ಕು ದಿನ ಕೊಡುತ್ತಾರೆ, ಕೆಲವರು ಎರಡು ವಾರ. ನಮ್ಮ ರೈತರು ಹೋರಿಯನ್ನು ಪಳಗಿಸುವಾಗ ಮೊದಲು ಬರಿ ನೊಗ, ಆಮೇಲೆ ಎಳೆಯಲು ಮರದ ಕೊರಡು, ಕೊನೆಗೆ ಗಾಡಿ ಎಂದು ಮೆಟ್ಟಿಲು ಇಡುವುದು ಇದೇ ಕಾರಣಕ್ಕೆ: ಹಿಂದಿನಿಂದ ಏನೋ ಬೆನ್ನಟ್ಟಿ ಬರುತ್ತಿದೆ ಎಂಬ ಭಯ ಗಾಡಿ ಕಟ್ಟುವ ಮೊದಲೇ ಹೋಗಬೇಕು. ಕುದುರೆ ಓಡಿ ಬದುಕಿದ ಪ್ರಾಣಿ. ಆ ಭಯ ಉಳಿದಿದ್ದಾಗ ಗಾಡಿ ಹೂಡಿದರೆ ಅದು ಒದೆಯುತ್ತದೆ, ಇಲ್ಲವೇ ಗಾಡಿ ಸಮೇತ ಬಿದ್ದೇಳುತ್ತದೆ. ಆ ಒಂದು ದಿನದ ನೆನಪನ್ನು ಅಳಿಸಲು ತಿಂಗಳುಗಳು ಬೇಕು.

ಗಾಡಿ ಕಟ್ಟುವ ದಿನ ಇಬ್ಬರು ಇಲ್ಲವೇ ಮೂವರು ಬೇಕು. ಕಟ್ಟುವುದು ಪಂದ್ಯದ ಸಲ್ಕಿಯಲ್ಲ, ಜಾಗ್ ಕಾರ್ಟ್ ಎಂಬ ಉದ್ದ ಮೂಕಿಯ ಭಾರದ ಗಾಡಿ. ಒದ್ದರೂ ಕೂತವನಿಗೆ ತಗುಲದಷ್ಟು ಅಂತರ ಅದರಲ್ಲಿರುತ್ತದೆ. ಹಿಂಗಾಲು ಮೇಲೆತ್ತದಂತೆ ಸೊಂಟದ ಮೇಲಿಂದ ಒಂದು ಪಟ್ಟಿ. ಒಬ್ಬ ಗಾಡಿಯಲ್ಲಿ, ಇನ್ನೊಬ್ಬ ಮರಿಯ ತಲೆಯ ಹತ್ತಿರ ಹಗ್ಗ ಹಿಡಿದು. ಎಲ್ಲ ಸರಿಯಾಗಿದ್ದರೆ ಹರಾಜಿನಿಂದ ಬಂದ ಎರಡು ಮೂರು ವಾರದೊಳಗೆ ಮರಿ ಒಂಟಿಯಾಗಿ ಗಾಡಿ ಎಳೆಯುತ್ತಿರುತ್ತದೆ.

ಇಲ್ಲಿಗೆ ಪಳಗಿಸುವುದು ಮುಗಿಯಿತು. ಇಲ್ಲಿಂದ ಮುಂದಿನದು ಮೈ ಕಟ್ಟುವ ಕೆಲಸ. ನವೆಂಬರ್, ಡಿಸೆಂಬರಿನಲ್ಲಿ ದಿನವೂ ಎರಡು ಮೂರು ಮೈಲಿ ನಿಧಾನದ ಓಟ, ಪಂದ್ಯದ ದಿಕ್ಕಿಗೆ ವಿರುದ್ಧವಾಗಿ. ಟ್ರ್ಯಾಕಿನಲ್ಲಿ ಪಂದ್ಯದ ದಿಕ್ಕಿಗೆ ತಿರುಗಿದರೆ ವೇಗ ಎಂದರ್ಥ. ಕುದುರೆಗೆ ಇದು ಬೇಗ ತಿಳಿಯುತ್ತದೆ. ಚಳಿಗೆ ಮಣ್ಣು ಗಟ್ಟಿಯಾಗುವ ಉತ್ತರದ ಲಾಯಗಳಲ್ಲಿ ಎಷ್ಟೋ ಫ್ಲೋರಿಡಾಕ್ಕೋ ಉತ್ತರ ಕ್ಯಾರೊಲೈನಾದ ಪೈನ್‌ಹರ್ಸ್ಟ್‌ಗೋ ಹೊರಡುತ್ತವೆ. ಹೊಸ ವರ್ಷದ ಹೊತ್ತಿಗೆ ಮೂರು ನಿಮಿಷ ಚಿಲ್ಲರೆಯ ಮೈಲಿ, ವಸಂತದ ಹೊತ್ತಿಗೆ ಎರಡೂವರೆ ನಿಮಿಷ, ಆಮೇಲೆ ವಾರವಾರವೂ ಒಂದೆರಡು ಸೆಕೆಂಡು ಇಳಿಕೆ. ಮೇ, ಜೂನ್‌ನಲ್ಲಿ ಅರ್ಹತಾ ಓಟ. ಅಷ್ಟರಲ್ಲಿ ಸಮಯ ಎರಡು ನಿಮಿಷದ ಸುತ್ತ ಬಂದಿರಬೇಕು. ಬೇಸಿಗೆಯಲ್ಲಿ ಎರಡು ವರ್ಷದವುಗಳ ಪಂದ್ಯ.

ಈ ವೇಳಾಪಟ್ಟಿಯಲ್ಲಿ ಒಂದು ಸುಳ್ಳು ಅಡಗಿದೆ. ಉತ್ತರ ಗೋಳಾರ್ಧದಲ್ಲಿ ಪುಸ್ತಕದ ಲೆಕ್ಕಕ್ಕೆ ಎಲ್ಲ ಕುದುರೆಗಳ ಹುಟ್ಟುಹಬ್ಬ ಜನವರಿ 1. ಜನವರಿಯಲ್ಲಿ ಹುಟ್ಟಿದ್ದಕ್ಕೂ ಮೇ ಕೊನೆಯಲ್ಲಿ ಹುಟ್ಟಿದ್ದಕ್ಕೂ ಪಂದ್ಯದಲ್ಲಿ ವಯಸ್ಸು ಎರಡೇ. ಜೂನ್ ಕೊನೆಯ ಅರ್ಹತಾ ಓಟಕ್ಕೆ ಒಂದು 29 ತಿಂಗಳಿನದಾಗಿ ಬರುತ್ತದೆ, ಇನ್ನೊಂದು 25 ತಿಂಗಳಿನದಾಗಿ. ಮನುಷ್ಯರಲ್ಲಿ ನಾಲ್ಕು ತಿಂಗಳು ದೊಡ್ಡದಲ್ಲ. ಈ ಪ್ರಾಣಿಯ ಮೊಣಕಾಲಿಗೆ ದೊಡ್ಡದು.

ಬುದ್ಧಿ ಮುಂದೆ, ಎಲುಬು ಹಿಂದೆ

ಎಳೆಯ ಎಲುಬುಗಳ ತುದಿಯ ಹತ್ತಿರ ಮೃದ್ವಸ್ಥಿಯ ಒಂದು ಪದರ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಬೆಳವಣಿಗೆ ಮುಗಿದ ಮೇಲೆ ಆ ಪದರ ಗಟ್ಟಿ ಎಲುಬಾಗಿ ಮುಚ್ಚಿಕೊಳ್ಳುತ್ತದೆ. ಕುದುರೆಯಲ್ಲಿ ಇದು ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ. ಗೊರಸಿನ ಸಮೀಪದ ಎಲುಬುಗಳಲ್ಲಿ ಮೊದಲ ವರ್ಷದೊಳಗೇ ಮುಗಿಯುತ್ತದೆ. ಮುಂಗಾಲಿನ ಮೊಣಕಾಲಿನ ಮೇಲಿನ ಪದರ ಮುಚ್ಚಲು ಸಾಮಾನ್ಯವಾಗಿ ಎರಡರಿಂದ ಎರಡೂವರೆ ವರ್ಷ ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ಬೆನ್ನುಮೂಳೆಯಲ್ಲಿ ಐದು ವರ್ಷ ದಾಟಿದರೂ ಕೆಲಸ ನಡೆಯುತ್ತಲೇ ಇರುತ್ತದೆ. ಅದಕ್ಕೇ ಎಚ್ಚರದ ತರಬೇತುದಾರರು ವೇಗ ಹೆಚ್ಚಿಸುವ ಮುನ್ನ ಮೊಣಕಾಲಿನ ಎಕ್ಸ್‌ರೇ ತೆಗೆಸುತ್ತಾರೆ.

ಆದರೆ ಇಷ್ಟನ್ನೇ ಓದಿ, ಐದು ವರ್ಷದವರೆಗೆ ಕುದುರೆಯನ್ನು ಹುಲ್ಲುಗಾವಲಿಗೆ ಬಿಟ್ಟುಬಿಡಿ ಎನ್ನುವವರೂ ದಾರಿ ತಪ್ಪುತ್ತಾರೆ. ಎಲುಬು ಬಿದ್ದ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಭಾರವೇ ಬೀಳದ ಎಲುಬು ಭಾರಕ್ಕೆ ಸಿದ್ಧವಾಗುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಡೇವಿಡ್ ನುನಮೇಕರ್ ಮತ್ತು ಸಂಗಡಿಗರು ಎಳೆಯ ಥರೋಬ್ರೆಡ್‌ಗಳ ಮುಂಗಾಲಿನ ಮುಂಭಾಗದ ಎಲುಬಿನಲ್ಲಿ ಬರುವ ನೋವು, ಬಿರುಕುಗಳ ಬೆನ್ನು ಹತ್ತಿದರು. ಅವರು ಕಂಡದ್ದು ಇದು: ದಿನವೂ ನಿಧಾನವಾಗಿ ಮೈಲಿಗಟ್ಟಲೆ ಓಡಿದ ಎಲುಬು ನಿಧಾನದ ಓಟಕ್ಕೆ ಮಾತ್ರ ಸಿದ್ಧವಾಗಿರುತ್ತದೆ, ಒಮ್ಮೆಲೇ ವೇಗ ಕೇಳಿದರೆ ಸೋಲುತ್ತದೆ. ಮೊದಲಿನಿಂದಲೂ ವಾರಕ್ಕೆ ಒಂದೆರಡು ಸಲ ಸ್ವಲ್ಪವೇ ದೂರ ವೇಗವಾಗಿ ಓಡಿಸಿದರೆ ಎಲುಬು ಆ ವೇಗಕ್ಕೆ ತಕ್ಕ ಆಕಾರ ಪಡೆಯುತ್ತದೆ. ಸ್ಟ್ಯಾನ್‌ಫೋರ್ಡ್ ಅಂದಾಜಿನಲ್ಲಿ ಹೇಳಿದ್ದು ಇಲ್ಲಿ ಅಳತೆಗೆ ಸಿಕ್ಕಿತು.

ಈ ವಿಷಯದಲ್ಲಿ ಸ್ಟ್ಯಾಂಡರ್ಡ್‌ಬ್ರೆಡ್‌ಗೆ ಒಂದು ಅನುಕೂಲ ಇದೆ. ನಾಗಾಲೋಟದಲ್ಲಿ ಒಂದು ಹಂತದಲ್ಲಿ ಇಡೀ ಮೈಯ ಭಾರ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಟ್ರಾಟ್, ಪೇಸ್‌ಗಳಲ್ಲಿ ಎರಡು ಕಾಲು ಒಟ್ಟಿಗೆ ಭಾರ ಹೊರುತ್ತವೆ. ಬೆನ್ನ ಮೇಲೆ ಸವಾರನೂ ಇಲ್ಲ. ಥರೋಬ್ರೆಡ್ ಮರಿಗಳನ್ನು ಅಷ್ಟು ಕಾಡುವ ಮುಂಗಾಲಿನ ಆ ನೋವು ಸ್ಟ್ಯಾಂಡರ್ಡ್‌ಬ್ರೆಡ್‌ಗಳಲ್ಲಿ ಅಪರೂಪ.

ಸ್ನಾಯುರಜ್ಜುಗಳ ಕಥೆ ಇನ್ನೊಂದು ಬಗೆ. ಅವು ಅಭ್ಯಾಸಕ್ಕೆ ತಕ್ಕಂತೆ ಬಲಗೊಳ್ಳುವುದು ಮುಖ್ಯವಾಗಿ ಎಳೆಯ ಪ್ರಾಯದಲ್ಲಿ. ಬೆಳೆದ ಮೇಲೆ ಆ ಶಕ್ತಿ ಬಹಳ ಕಡಿಮೆಯಾಗುತ್ತದೆ ಎಂಬುದು ಸಂಶೋಧಕರ ಅಭಿಪ್ರಾಯ. ಆದ್ದರಿಂದ ಮರಿಗೆ ಚಲನೆ ಬೇಕೇ ಬೇಕು. ಇಕ್ಕಟ್ಟಿನ ಲಾಯದಲ್ಲಿ ದಿನಕ್ಕೆ ಇಪ್ಪತ್ತಮೂರು ತಾಸು ನಿಲ್ಲಿಸಿ ಉಳಿದ ಒಂದು ತಾಸಿನಲ್ಲಿ ಕುದುರೆ ಕಟ್ಟುತ್ತೇನೆ ಎನ್ನುವುದು ಯಾವ ವಯಸ್ಸಿನಲ್ಲೂ ಕೆಟ್ಟ ಪದ್ಧತಿ.

ಹೀಗೆ ಒಂದೇ ಪ್ರಾಣಿಯೊಳಗೆ ಬೇರೆ ಬೇರೆ ವೇಗದ ಬೆಳವಣಿಗೆಗಳು ನಡೆಯುತ್ತಿರುತ್ತವೆ. ಎಲ್ಲಕ್ಕಿಂತ ಮುಂದೆ ಓಡುವುದು ಬುದ್ಧಿ. ಮೂರು ವಾರದಲ್ಲಿ ಗಾಡಿ ಕಲಿತ ಮರಿ ಹೇಳಿದ್ದನ್ನೆಲ್ಲ ಮಾಡುತ್ತದೆ, ಕೇಳಿದ ವೇಗ ಕೊಡುತ್ತದೆ, ಪಕ್ಕದ ಕುದುರೆ ಕಂಡರೆ ಕೇಳದಿದ್ದರೂ ಕೊಡುತ್ತದೆ. ತರಬೇತುದಾರ ಮೋಸ ಹೋಗುವುದು ಈ ಉತ್ಸಾಹಕ್ಕೆ. ಮೊಂಡ ಮರಿ ತನ್ನ ಮೊಂಡುತನದಿಂದಲೇ ಎರಡು ತಿಂಗಳು ಉಳಿಸಿಕೊಳ್ಳುತ್ತದೆ. ಜಾಣ ಮರಿಯನ್ನು ಕಾಯುವವರು ಬೇಕು.

ಟ್ರಾಟರ್‌ಗಳಲ್ಲಿ ಅವಸರದ ಇನ್ನೊಂದು ದಂಡ ಕೂಡಲೇ ಕಾಣುತ್ತದೆ. ವೇಗವಾಗಿ ಓಡುವಾಗಲೂ ನಾಗಾಲೋಟಕ್ಕೆ ಜಾರದಿರುವ ಗುಣಕ್ಕೆ ಒಂದು ಜೀನ್ ರೂಪಾಂತರ ಬಹುಮಟ್ಟಿಗೆ ಕಾರಣ ಎಂದು ಸ್ವೀಡನ್ನಿನ ಉಪ್ಸಾಲಾದ ಲೀಫ್ ಆಂಡರ್ಸನ್ ತಂಡ 2012ರಲ್ಲಿ ತೋರಿಸಿತು. ಆದರೆ ಜೀನ್ ಇದ್ದ ಮಾತ್ರಕ್ಕೆ ಸಮತೋಲ ಬರುವುದಿಲ್ಲ. ಮೈ ಬಲಿಯದ ಮರಿಯನ್ನು ಅಟ್ಟಿದರೆ ಹಿಂಗಾಲು ಮುಂಗಾಲಿಗೆ ಬಡಿಯುತ್ತದೆ. ಬಡಿತ ತಪ್ಪಿಸಲು ಅದು ನಾಗಾಲೋಟಕ್ಕೆ ಹಾರುತ್ತದೆ. ನಾಲ್ಕು ಸಲ ಹಾರಿದರೆ ಅದೇ ರೂಢಿ. ಪೇಸರ್‌ಗಳ ಕಾಲುಗಳಿಗೆ ಹಾಬಲ್ ಎಂಬ ಕುಣಿಕೆ ಪಟ್ಟಿ ಹಾಕಿ ನಡೆಯನ್ನು ಹಿಡಿದಿಡುವ ಪದ್ಧತಿ ಇರುವುದರಿಂದ ಅವು ಬೇಗ ತಯಾರಾಗುತ್ತವೆ. ಟ್ರಾಟರ್‌ಗೆ ಹೆಚ್ಚು ಕಾಲ ಬೇಕು ಎಂಬುದು ಲಾಯಗಳ ಹಳೆಯ ಅನುಭವ.

ಬಹುಮಾನದ ಪಂಚಾಂಗ

ಇಷ್ಟೆಲ್ಲ ಗೊತ್ತಿದ್ದೂ ಅವಸರ ಏಕೆ? ಹಣ ಎಲ್ಲಿದೆ ಎಂದು ನೋಡಿದರೆ ಉತ್ತರ ಸಿಗುತ್ತದೆ.

ಗೋಲ್ಡ್‌ಸ್ಮಿತ್ ಮೇಡ್‌ನ ಕಾಲದಲ್ಲಿ ದೊಡ್ಡ ಹಣ ಬೆಳೆದ ಕುದುರೆಗಳ ಪಂದ್ಯಗಳಲ್ಲಿತ್ತು. 1893ರಲ್ಲಿ ಕೆಂಟಕಿ ಫ್ಯೂಚರಿಟಿ, 1926ರಲ್ಲಿ ಹ್ಯಾಂಬಲ್ಟೋನಿಯನ್, 1946ರಲ್ಲಿ ಓಹಾಯೋದ ಲಿಟಲ್ ಬ್ರೌನ್ ಜಗ್: ಮೂರು ವರ್ಷದವುಗಳ ದೊಡ್ಡ ಪಂದ್ಯಗಳು ಒಂದೊಂದಾಗಿ ಬಂದವು. 1960ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯ ತನ್ನಲ್ಲೇ ಸಾಕಿದ ಗಂಡು ಕುದುರೆಗಳ ಎರಡು, ಮೂರು ವರ್ಷದ ಸಂತಾನಕ್ಕೆ ಪ್ರತ್ಯೇಕ ಬಹುಮಾನ ಸರಣಿ ತಂದಿತು. ಬೇರೆ ರಾಜ್ಯಗಳೂ ಅದನ್ನೇ ಹಿಡಿದವು. ಇಂಥ ಪಂದ್ಯಗಳಿಗೆ ಕುದುರೆಯ ಹೆಸರು ಬರೆಸಿ ಕಂತು ಕಂತಾಗಿ ಶುಲ್ಕ ಕಟ್ಟುತ್ತಾ ಹೋಗಬೇಕು. ಒಂದು ಕಂತು ತಪ್ಪಿದರೆ ಆ ಪಂದ್ಯ ಕೈ ಬಿಟ್ಟಂತೆ. ಹರಾಜಿನಲ್ಲಿ ದೊಡ್ಡ ಬೆಲೆ ಕೊಟ್ಟ ಮಾಲೀಕ ಏಪ್ರಿಲ್‌ನಲ್ಲಿ ತರಬೇತುದಾರನನ್ನು ಕೇಳುವ ಪ್ರಶ್ನೆ ಒಂದೇ: ಇದು ತಯಾರೋ ಇಲ್ಲವೋ?

ಸ್ವೀಡನ್ನಿನ ಪಂಚಾಂಗ ಬೇರೆ. ಅಲ್ಲಿನ ಕ್ರಿಟೀರಿಯಂ ಮೂರು ವರ್ಷದವುಗಳಿಗೆ. ಮಾಲ್ಮೋ ನಗರದ ಯೇಗರ್ಸ್‌ರೋ ಟ್ರ್ಯಾಕಿನಲ್ಲಿ ನಡೆಯುವ ಡರ್ಬಿ ನಾಲ್ಕು ವರ್ಷದವುಗಳಿಗೆ. ದೊಡ್ಡ ಪರೀಕ್ಷೆಗಳು ತಡವಾಗಿ ಇರುವುದರಿಂದ ಪಳಗಿಸಿದ ಮರಿಯನ್ನು ಮತ್ತೆ ಕೆಲವು ತಿಂಗಳು ಹುಲ್ಲಿಗೆ ಬಿಡುವ ಧೈರ್ಯ ತರಬೇತುದಾರನಿಗೆ ಸಿಗುತ್ತದೆ. ಕಾಡಿನ ನಡುವಿನ ನೇರ ದಾರಿಗಳಲ್ಲಿ, ಏರುಗಳಲ್ಲಿ ಓಡಿಸುವ ರೂಢಿ ಅಲ್ಲಿ ಬಲವಾಗಿದೆ. ವೃತ್ತಾಕಾರದ ಟ್ರ್ಯಾಕಿನ ತಿರುವುಗಳು ಎಳೆಯ ಮೊಣಕಾಲಿನ ಒಂದೇ ಮಗ್ಗುಲಿಗೆ ಒತ್ತುವ ಭಾರ ನೇರ ದಾರಿಯಲ್ಲಿ ಇರುವುದಿಲ್ಲ. ಸ್ಕ್ಯಾಂಡಿನೇವಿಯದ ದಪ್ಪ ಮೈಯ ಶೀತರಕ್ತದ ಟ್ರಾಟರ್ ತಳಿ ಪಂದ್ಯಕ್ಕೆ ಬರುವುದೇ ಮೂರಕ್ಕೆ. ಆ ತಳಿಯಲ್ಲಿ 1994ರಲ್ಲಿ ಹುಟ್ಟಿದ ಯಾರ್ವ್‌ಸೋಫಕ್ಸ್ ತನ್ನ ಜೀವಮಾನದಲ್ಲಿ 234 ಪಂದ್ಯ ಓಡಿ 201 ಗೆದ್ದಿತು.

ಫ್ರಾನ್ಸ್ ಮೂರನೆಯ ದಾರಿ ಹಿಡಿದಿದೆ. ಅಲ್ಲಿ ಪ್ರತಿ ಎಳೆಯ ಟ್ರಾಟರ್ ಪಂದ್ಯಕ್ಕೆ ಮೊದಲು 2000 ಮೀಟರಿನ ಅರ್ಹತಾ ಪರೀಕ್ಷೆ ಪಾಸಾಗಬೇಕು, ನಡೆ ಕೆಡಿಸದೆ. ವೇಗವಿದ್ದು ನಡೆ ಇಲ್ಲದ್ದು ಅಲ್ಲೇ ಉಳಿಯುತ್ತದೆ. ಪ್ಯಾರಿಸ್ಸಿನ ವಾನ್ಸೆನ್ ಟ್ರ್ಯಾಕಿನ ಪ್ರಿ ದಾಮೆರಿಕ್, 1920ರಲ್ಲಿ ಶುರುವಾದ ದೊಡ್ಡ ಪಂದ್ಯ, ಬೆಳೆದ ಕುದುರೆಗಳದ್ದು. ಊರಾಸಿ ಎಂಬ ಕುದುರೆ ಅದನ್ನು 1986, 1987, 1988ರಲ್ಲಿ ಗೆದ್ದು, ಹತ್ತು ವರ್ಷವಾದಾಗ 1990ರಲ್ಲಿ ನಾಲ್ಕನೆಯ ಸಲ ಗೆದ್ದಿತು. ಹತ್ತನೆಯ ವಯಸ್ಸಿಗೆ ಅಷ್ಟು ದೊಡ್ಡ ಬಹುಮಾನ ಕಾದಿದ್ದರೆ ಎರಡನೆಯ ವಯಸ್ಸಿನಲ್ಲಿ ಯಾರೂ ಕುದುರೆಯನ್ನು ಹಿಂಡಿ ಹಾಕುವುದಿಲ್ಲ.

ಅಂಕಿಗಳ ಎರಡು ಓದು

ಬೇಗ ಓಡಿಸುವವರ ಕೈಯಲ್ಲೂ ಒಂದು ಗಟ್ಟಿ ವಾದ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಸಂಶೋಧಕರು ಸಾವಿರಾರು ರೇಸ್ ಕುದುರೆಗಳ ದಾಖಲೆ ತಿರುವಿ, ಎರಡನೆಯ ವಯಸ್ಸಿನಲ್ಲೇ ಪಂದ್ಯ ಶುರು ಮಾಡಿದವು ಸರಾಸರಿಯಲ್ಲಿ ಹೆಚ್ಚು ಕಾಲ, ಹೆಚ್ಚು ಪಂದ್ಯ ಓಡಿವೆ ಎಂದು ಕಂಡಿದ್ದಾರೆ. ಲಾಯದ ಬಾಗಿಲಿಗೆ ಅಂಟಿಸಿಕೊಳ್ಳುವಂಥ ತೀರ್ಮಾನ.

ಆದರೆ ಎರಡನೆಯ ವಯಸ್ಸಿನಲ್ಲಿ ಓಡಿದವು ಯಾವುವು? ಕಾಲು ಗಟ್ಟಿ ಇದ್ದವು, ಬೇಗ ಮೈ ತುಂಬಿದವು, ಎಕ್ಸ್‌ರೇಯಲ್ಲಿ ದೋಷ ಕಾಣದವು. ತಡವಾಗಿ ಬಂದವುಗಳಲ್ಲಿ ಎಷ್ಟೋ ಕುಂಟಿದ್ದಕ್ಕೇ ತಡವಾದವು. ಬೇಗ ಓಡಿದ್ದರಿಂದ ಕುದುರೆ ಗಟ್ಟಿಯಾಯಿತೋ, ಗಟ್ಟಿ ಇದ್ದದ್ದರಿಂದ ಬೇಗ ಓಡಿತೋ? ಈ ಅಂಕಿಗಳೊಂದೇ ಅದನ್ನು ಬಿಡಿಸಿ ಹೇಳಲಾರವು. ಅವು ಖಚಿತವಾಗಿ ಹೇಳುವುದು ಇಷ್ಟು: ಎರಡನೆಯ ವಯಸ್ಸಿನ ಪಂದ್ಯ ಎಲ್ಲ ಕುದುರೆಗೂ ವಿಷವಲ್ಲ. ಎಲ್ಲ ಕುದುರೆಯನ್ನೂ ಎರಡನೆಯ ವಯಸ್ಸಿನಲ್ಲಿ ಓಡಿಸಿ ಎಂದು ಅವು ಹೇಳುವುದಿಲ್ಲ.

ದಾಖಲೆ ಪುಸ್ತಕವನ್ನೂ ಹೀಗೇ ಓದಬಹುದು. ನೈಆಟ್ರಾಸ್ ಎಂಬ ಪೇಸರ್ 1980ರಲ್ಲಿ, ಮೂರನೆಯ ವಯಸ್ಸಿನಲ್ಲೇ, 1 ನಿಮಿಷ 49.2 ಸೆಕೆಂಡಿನ ಮೈಲಿ ಓಡಿ ಜಗತ್ತನ್ನು ಬೆರಗುಗೊಳಿಸಿತು. ಆದರೆ ಪೇಸರ್‌ಗಳಲ್ಲಿ ಮೊದಲ ಬಾರಿ 1 ನಿಮಿಷ 46 ಸೆಕೆಂಡಿನ ಗೆರೆ ದಾಟಿದ ಬುಲ್‌ಡಾಗ್ ಹ್ಯಾನೋವರ್‌ಗೆ 2022ರಲ್ಲಿ ನಾಲ್ಕು ವರ್ಷ; ಸಮಯ 1 ನಿಮಿಷ 45.8 ಸೆಕೆಂಡು. ಟ್ರಾಟರ್ ಹೋಮಿಸೈಡ್ ಹಂಟರ್ 2018ರಲ್ಲಿ 1 ನಿಮಿಷ 48.8 ಸೆಕೆಂಡು ಓಡಿದಾಗ ಆರು ವರ್ಷ. 1938ರಲ್ಲಿ ದಾಖಲೆ ಮಾಡಿದ ಗ್ರೇಹೌಂಡ್ ಎಂಬ ಟ್ರಾಟರ್‌ಗೂ ಆರೇ. ಹತ್ತು ಲಕ್ಷ ಡಾಲರ್ ಗಳಿಸಿದ ಮೊದಲ ಸ್ಟ್ಯಾಂಡರ್ಡ್‌ಬ್ರೆಡ್, ನ್ಯೂಜಿಲೆಂಡಿನ ಕಾರ್ಡಿಗನ್ ಬೇ, 1968ರಲ್ಲಿ ಆ ಗುರಿ ಮುಟ್ಟಿದಾಗ ಹನ್ನೆರಡು. ಫಾಯಿಲ್ಡ್ ಅಗೇನ್ ಎಂಬ ಪೇಸರ್ ಹದಿನಾಲ್ಕನೆಯ ವಯಸ್ಸಿನವರೆಗೂ ಓಡಿ 109 ಪಂದ್ಯ ಗೆದ್ದು 76 ಲಕ್ಷ ಡಾಲರ್ ದಾಟಿತು. ಈ ಪಟ್ಟಿಯಲ್ಲಿ ಬೇಗ ಬಂದವೂ ಇವೆ, ನಿಧಾನವಾಗಿ ಬಂದವೂ ಇವೆ. ಎರಡನೆಯ ವಯಸ್ಸಿನಲ್ಲೇ ಕಾಲು ಮುರಿದುಕೊಂಡದ್ದು ಮಾತ್ರ ಯಾವುದೂ ಇಲ್ಲ.

ಹಾಗಾದರೆ ಎಷ್ಟು ಬೇಗ?

ಮುಟ್ಟಿಸಿಕೊಳ್ಳುವುದು, ಕಾಲೆತ್ತಿ ಕೊಡುವುದು, ಕಡಿವಾಣ, ಪಟ್ಟಿ, ಉದ್ದ ಲಗಾಮು, ಗಾಡಿ: ಇವನ್ನು ಒಂದೂವರೆ ವರ್ಷದಲ್ಲಿ ಕಲಿಸುವುದರಲ್ಲಿ ತಪ್ಪಿಲ್ಲ, ಲಾಭವೇ ಹೆಚ್ಚು. ಆ ವಯಸ್ಸಿನಲ್ಲಿ ಮರಿ ಹಗುರ, ಭಯ ಗಟ್ಟಿಯಾಗಿರುವುದಿಲ್ಲ, ಮೂರು ವರ್ಷದ ಬಲಿಷ್ಠ ಕುದುರೆಗೆ ಮೊದಲ ಬಾರಿ ಗಾಡಿ ಕಟ್ಟುವ ಅಪಾಯ ತಪ್ಪುತ್ತದೆ. ಎರಡು ವಾರಕ್ಕೆ ಕಲಿತರೆ ಎರಡು ವಾರ, ಆರು ಬೇಕಾದರೆ ಆರು. ಬಾಲದಡಿಯ ಪಟ್ಟಿಗೆ ಇನ್ನೂ ಬೆಚ್ಚುವ ಮರಿಗೆ ಗಾಡಿ ಕಟ್ಟಬಾರದು ಎಂಬ ಒಂದೇ ನಿಯಮ ಸಾಕು.

ವೇಗದ ವಿಷಯದಲ್ಲಿ ಮರಿಯ ಉತ್ಸಾಹವನ್ನು ಲೆಕ್ಕಕ್ಕೆ ಹಿಡಿಯಬಾರದು. ನೋಡಬೇಕಾದದ್ದು ಬೇರೆ. ಹುಟ್ಟಿದ ತಿಂಗಳು ಯಾವುದು? ಮೊಣಕಾಲು ಮುಚ್ಚಿದೆಯೇ? ಓಡಿದ ಮರುದಿನ ಬೆಳಿಗ್ಗೆ ಕಾಲಿನಲ್ಲಿ ಬಿಸಿ, ಊತ ಇದೆಯೇ? ಬುಟ್ಟಿಯ ತಳದ ಓಟ್ಸ್ ಖಾಲಿಯಾಗಿದೆಯೇ? ಕಳೆದ ವಾರ ನೇರವಾಗಿ ಓಡಿದ್ದು ಈ ವಾರ ತಲೆ ಒಂದು ಕಡೆ ಹಿಡಿಯುತ್ತಿದೆಯೇ? ತಿನ್ನುವುದು ಬಿಟ್ಟ ಮರಿ, ನಡೆ ಕೆಡಿಸಿಕೊಂಡ ಮರಿ ಮೈಯಲ್ಲೇನೋ ಹೆಚ್ಚಾಗಿದೆ ಎಂದು ಹೇಳುತ್ತಿರುತ್ತದೆ. ಅನುಭವಿಗಳು ಆಗ ಗಡಿಯಾರ ಜೇಬಿಗೆ ಹಾಕಿ, ಪಟ್ಟಿ ಬಿಚ್ಚಿ, ಎರಡು ಮೂರು ವಾರ ಹುಲ್ಲಿಗೆ ಬಿಡುತ್ತಾರೆ. ಅಷ್ಟರಲ್ಲಿ ಕಲಿತ ಪಾಠ ಮರೆತುಹೋಗುವುದಿಲ್ಲ. ಎಲುಬಿಗೆ ಮಾತ್ರ ಬಿಡುವು ಸಿಗುತ್ತದೆ.

ಆದರೆ ಈ ಹೊಣೆಯನ್ನು ತರಬೇತುದಾರನೊಬ್ಬನ ಹೆಗಲಿಗೆ ಹೊರಿಸಿ ಸುಮ್ಮನಾಗುವುದು ನ್ಯಾಯವಲ್ಲ. ಈ ವರ್ಷ ಇದು ಓಡುವುದಿಲ್ಲ ಎಂದು ಏಪ್ರಿಲ್‌ನಲ್ಲಿ ಹೇಳಿದ ತರಬೇತುದಾರನ ಲಾಯದಿಂದ ಮೇ ತಿಂಗಳಲ್ಲಿ ಕುದುರೆಯೇ ಬೇರೆ ಲಾಯಕ್ಕೆ ಹೋಗಬಹುದು. ಅವನ ತೀರ್ಪು ಸರಿ ಎಂದು ಗೊತ್ತಾಗುವುದು ಇನ್ನೆರಡು ವರ್ಷದ ಮೇಲೆ, ಅದೂ ಬೇರೊಬ್ಬನ ಹೆಸರಿನಲ್ಲಿ. ಬಹುಮಾನದ ಹಣವನ್ನು ನಾಲ್ಕು, ಐದು, ಆರು ವರ್ಷದ ಕುದುರೆಗಳ ಕಡೆಗೆ ಸರಿಸುವ ಅಧಿಕಾರ ಇರುವುದು ಪಂದ್ಯ ನಡೆಸುವವರ ಕೈಯಲ್ಲಿ. ಸ್ವೀಡನ್, ಫ್ರಾನ್ಸ್‌ಗಳಲ್ಲಿ ಅದು ನಡೆದಿದೆ, ಆಟ ಬಡವಾಗಿಲ್ಲ. ಮರಿಯನ್ನು ಎಷ್ಟು ಬೇಗ ಓಡಿಸಬೇಕೆಂಬ ಚರ್ಚೆ ಲಾಯದಲ್ಲಿ ನಡೆಯುತ್ತದೆ. ಅದರ ತೀರ್ಮಾನವನ್ನು ಬಹುಮಾನದ ಪಟ್ಟಿ ಬರೆಯುವ ಕಚೇರಿ ಆಗಲೇ ಮಾಡಿರುತ್ತದೆ. ಪಟ್ಟಿ ಬದಲಾದರೆ ಕಾಯುವ ತರಬೇತುದಾರನಿಗೂ ಕೆಲಸ ಉಳಿಯುತ್ತದೆ, ಕುದುರೆಗೂ ಕಾಲು ಉಳಿಯುತ್ತದೆ.